ರಾಘಣ್ಣನ ಇಪ್ಪತ್ತು ತೋಟಾಗಳು

೨೦೧೩ರಲ್ಲಿ ನಾನು ಸಿಯಾಟಲ್‌ನ ಉತ್ತರಕ್ಕಿರುವ ಲಿನ್‌ವುಡ್‌ನಲ್ಲಿ, ಒಂದು ಸಣ್ಣ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಷನ್ ಎಂಜಿನಿಯರ್ ಆಗಿದ್ದೆ. ತಕ್ಕಡಿ, ಟೈಮರ್, ಒತ್ತಡಮಾಪಕಗಳು ತೋರಿಸುವ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದೆ. ಈಗಲೂ ಮನಸ್ಸಿನಿಂದ ಹೋಗದ ಅಳತೆ ಒಂದಿದೆ. ಅದು ಆಫೀಸಿನ ಕೆಲಸವಾಗಿರಲಿಲ್ಲ.

ರಾಘಣ್ಣ ಬಾಗಲಕೋಟೆಯವರು, ನಾನು ಧಾರವಾಡದವನು. ಹನ್ನೊಂದು ವರ್ಷ ಅವರು ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡಿದರು. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿಯಾಟದ ಹುಚ್ಚು ಅವರನ್ನು ಇಲ್ಲಿಯೂ ಬಿಡಲಿಲ್ಲ. ಶನಿವಾರ ಬಂತೆಂದರೆ ಪಿಸ್ತೂಲ್ ಕ್ಲಬ್. ತೋಟಾಗಳನ್ನೂ ತಾವೇ ತುಂಬುತ್ತಿದ್ದರು. ಒಮ್ಮೆ ಬಳಸಿದ ಹಿತ್ತಾಳೆ ಕೋಶಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಗುಂಡನ್ನು ಒತ್ತುವ ಕೆಲಸ ಅದು. ಆ ಗುಂಡು ಎಷ್ಟು ವೇಗದಲ್ಲಿ ಹೋಗುತ್ತದೆಂದು ಮದ್ದು ತಯಾರಿಸುವ ಕಂಪನಿಯವರ ಕೈಪಿಡಿಯಲ್ಲಿ ಬರೆದಿರುತ್ತದೆ. ಆದರೆ ಅದು ಅವರ ಪರೀಕ್ಷಾ ನಳಿಗೆಯಿಂದ ಬಂದ ವೇಗ. ನಮ್ಮ ನಳಿಗೆ ಗಿಡ್ಡವಿದ್ದರೆ ಅದಕ್ಕೆ ತಕ್ಕಷ್ಟು ಕಳೆದು ಅಂದಾಜು ಮಾಡಬೇಕು, ಆಮೇಲೆ ಅಳೆದು ನೋಡಬೇಕು. ರಾಘಣ್ಣನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಎರಡು ಕಾಲಂ ಇದ್ದವು: ಅಂದಾಜು, ಅಳತೆ.

ಆ ಚಳಿಗಾಲ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಗಿ ಕಿಮೋಥೆರಪಿ ನಡೆಯುತ್ತಿತ್ತು. ಹೊಸದೊಂದು ಮದ್ದಿನಿಂದ ಇಪ್ಪತ್ತು ತೋಟಾ ತುಂಬಿದ್ದೇನೆ, ಶನಿವಾರ ಬಂದು ಅಳೆದುಕೊಡು ಎಂದು ಫೋನ್ ಮಾಡಿದರು. ಮುಂದಿನ ವಾರ ಎಂದೆ. ಹಾಗೆ ಮೂರು ಸಲ ಎಂದೆ. ಮಾರ್ಚ್‌ನಲ್ಲಿ ಅವರು ಹೋಗಿಬಿಟ್ಟರು.

ಮೇ ತಿಂಗಳಲ್ಲಿ ಅವರ ಪತ್ನಿ ಸುಮಂಗಲಾ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನಿಂದ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಡಬ್ಬಿಯನ್ನೂ ನೋಟ್‌ಬುಕ್ಕನ್ನೂ ಟೇಬಲ್ ಮೇಲಿಟ್ಟರು. ಕೊನೆಯ ಸಾಲಿನಲ್ಲಿ ಅಂದಾಜು ೯೪೦ ಎಂದಿತ್ತು, ಅಂದರೆ ಸೆಕೆಂಡಿಗೆ ೯೪೦ ಅಡಿ. ಅಳತೆಯ ಕಾಲಂ ಖಾಲಿ.

"ಇದೊಂದು ಬರೀಲಾರದ ಹೋದ್ರು, ಶ್ರೀಪಾದ. ನೀವು ಅಳದು ಹೇಳ್ರಿ. ನಾನೂ ಬರ್ತೀನಿ. ಕ್ಲಬ್ಬಿಗೆ ಬಾ ಬಾ ಅಂತಿದ್ರು, ನಾನ ಒಂದು ದಿನಾನೂ ಹೋಗಲಿಲ್ಲ."

"ವೈನಿ, ಇನ್ನೊಬ್ರು ತುಂಬಿದ ತೋಟಾ ಹಾರಸಬಾರದು ಅಂತ ನಿಯಮ ಅದರೀ."

"ಇನ್ನೊಬ್ರು ಅಂದ್ರ ಯಾರು? ನಿಮ್ಮ ರಾಘಣ್ಣ ಅಲ್ಲೇನು?"

ಕ್ಲಬ್‌ನ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಹಿರಿಯ ಡೇಲ್‌ಗೆ ಕಾಲ್ ಮಾಡಿದೆ. ಮೂರು ತೋಟಾ ಬಿಚ್ಚಿ ನೋಡೋಣ, ಮದ್ದು ನೋಟ್‌ಬುಕ್ಕಿನಲ್ಲಿ ಬರೆದಷ್ಟೇ ಇದ್ದರೆ ಉಳಿದದ್ದರ ಬಗ್ಗೆ ಯೋಚಿಸೋಣ ಎಂದರು.

ಶನಿವಾರ ಬೆಳಿಗ್ಗೆ ಕ್ಲಬ್‌ನ ಕೋಣೆಯಲ್ಲಿ ಸೇರಿದೆವು. ಮೊದಲು ಇಪ್ಪತ್ತನ್ನೂ ತೂಗಿದೆ. ಕೋಶಗಳ ತೂಕವೇ ಒಂದರಂತೆ ಒಂದಿರುವುದಿಲ್ಲವಾದ್ದರಿಂದ ತಕ್ಕಡಿಯಿಂದ ಏನೂ ತಿಳಿಯಲಿಲ್ಲ. ಡೇಲ್ ಒಂದು ತೋಟಾ ಬಿಚ್ಚಿದರು. ಮದ್ದು ಬರೆದಷ್ಟೇ ಇತ್ತು. ಎರಡನೆಯದೂ ಸರಿ. ಮೂರನೆಯದರ ಮದ್ದನ್ನು ತಟ್ಟೆಗೆ ಸುರಿದರು. ಕಣ್ಣಿಗೇ ಕಾಣುವಂತೆ ಎರಡರಷ್ಟಿತ್ತು. ಅದು ಹಾರಿದ್ದರೆ ಪಿಸ್ತೂಲ್ ಕೈಯಲ್ಲೇ ಒಡೆಯುತ್ತಿತ್ತು.

ನಾನು ಕನ್ನಡದಲ್ಲಿ ವಿವರಿಸಿದೆ. ಸುಮಂಗಲಾ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಆ ಕಿಮೋದಿಂದ ಬೆರಳು ಜೋಂ ಹಿಡದಾವ ಅಂತಿದ್ರು. ಅಂಗಿ ಗುಂಡಿ ನಾನ ಹಾಕ್ತಿದ್ದೆ," ಎಂದರು. ಆಮೇಲೆ ಮೆಲ್ಲಗೆ, "ಉಳಿದಾವು ಹದಿನೇಳು ಅದಾವಲ್ಲಾ?"

"ಬ್ಯಾಡ ವೈನಿ. ಒಂದೂ ಬ್ಯಾಡ."

ಹದಿನೇಳನ್ನೂ ಅವರ ಎದುರಿಗೇ ಬಿಚ್ಚಿದೆವು. ಒಂದೊಂದು ಬಿಚ್ಚಿದಾಗಲೂ ರಾಘಣ್ಣನ ಕೊನೆಯ ಕೆಲಸ ಒಂದೊಂದಾಗಿ ಕರಗುತ್ತಿದೆ ಅನ್ನಿಸುತ್ತಿತ್ತು. ಹದಿನೇಳೂ ಸರಿಯಾಗಿದ್ದವು. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ನಿಖರತೆ ನೋಡಿ ನನಗೆ ಅಳು ಬಂತು. ಮೂರು ಶನಿವಾರಗಳಲ್ಲಿ ಒಂದು ದಿನ ಹೋಗಿದ್ದರೆ ಆ ಮನುಷ್ಯನ ಜೊತೆ ಒಂದು ಬೆಳಗು ಸಿಗುತ್ತಿತ್ತು. ಮೂರನೆಯ ತೋಟಾ ಅಂದು ಏನು ಮಾಡುತ್ತಿತ್ತೋ ಎಂಬ ಯೋಚನೆಯೂ ಹಿಂದೆಯೇ ಬಂತು.

ಡೇಲ್ ತಾವಾಗಿಯೇ ಒಂದು ದಾರಿ ಹೇಳಿದರು. ನೋಟ್‌ಬುಕ್ಕಿನ ಪ್ರಮಾಣ ಕೈಪಿಡಿಯ ಮಿತಿಯೊಳಗಿತ್ತು. ರಾಘಣ್ಣನ ಮನೆಯಲ್ಲಿ ಅದೇ ಮದ್ದಿನ ಡಬ್ಬಿ ಲೇಬಲ್ ಸಮೇತ ಇತ್ತು. ಬಿಚ್ಚಿದ ತೋಟಾಗಳ ಗುಂಡುಗಳನ್ನೇ ಹೊಸ ಕೋಶಗಳಲ್ಲಿಟ್ಟು ಡೇಲ್ ಹತ್ತು ತೋಟಾ ತುಂಬಿದರು. ಮುಂದಿನ ಶನಿವಾರ ನಳಿಗೆಯ ತುದಿಯಿಂದ ಹತ್ತು ಅಡಿ ದೂರದಲ್ಲಿ ಕ್ರೋನೋಗ್ರಾಫ್ ಇಟ್ಟೆ. ಅದರಲ್ಲಿ ಎರಡು ಅಡಿ ಅಂತರದಲ್ಲಿ ಎರಡು ಸೆನ್ಸರ್‌ಗಳಿವೆ. ಗುಂಡಿನ ನೆರಳು ಒಂದನ್ನು ದಾಟಿ ಇನ್ನೊಂದನ್ನು ದಾಟುವ ಸಮಯದಿಂದ ವೇಗ ಸಿಗುತ್ತದೆ. ಸಮಯವೆಂದರೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗದಷ್ಟು.

ರಾಘಣ್ಣನ ಪಿಸ್ತೂಲನ್ನು ಸುಮಂಗಲಾ ಡೇಲ್ ತೋರಿಸಿದಂತೆ ಎರಡೂ ಕೈಯಲ್ಲಿ ಹಿಡಿದರು. ಮೊದಲ ಸದ್ದಿಗೆ ಬೆಚ್ಚಿದರು. ನಂತರ ಬೆಚ್ಚಲಿಲ್ಲ. ಹತ್ತೂ ಮುಗಿದ ಮೇಲೆ ಕಿವಿಯ ರಕ್ಷಕ ತೆಗೆದು, "ಇಷ್ಟ ಸಪ್ಪಳದಾಗ ಇದ್ದು ಬಂದು, ಮನ್ಯಾಗ ಎಷ್ಟು ಸುಮ್ಮಗ ಕೂಡ್ತಿದ್ರು ನೋಡ್ರಿ," ಎಂದರು.

ಸರಾಸರಿ ೯೫೧ ಬಂತು. ಅಂದಾಜಿಗೂ ಅಳತೆಗೂ ಹನ್ನೊಂದು ಅಡಿಯ ವ್ಯತ್ಯಾಸ.

"ಆ ಖಾಲಿ ಜಾಗಾದಾಗ ಬರೀಲೇನು?" ಎಂದು ಪೆನ್ ತೆಗೆದರು.

ಹೂಂ ಅನ್ನುವುದು ಸುಲಭವಿತ್ತು. "ಮದ್ದು ಅವರದ, ಗುಂಡೂ ಅವರದ. ತುಂಬಿದ ಕೈ ಬ್ಯಾರೆ, ವೈನಿ," ಎಂದೆ.

ಅವರು ತಲೆಯಾಡಿಸಿದರು. ರಾಘಣ್ಣನ ಸಾಲನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ಹೊಸ ಸಾಲು ಎಳೆದು ಕನ್ನಡದಲ್ಲಿ ಬರೆದರು: ತುಂಬಿದವರು ಡೇಲ್, ಹಾರಿಸಿದವರು ಸುಮಂಗಲಾ, ೯೫೧.

ಮುಂದೆ ನನ್ನ ಕೈಕೆಳಗೆ ಕೆಲಸ ಕಲಿತವರಿಗೆಲ್ಲ ಒಂದು ಮಾತು ಹೇಳುತ್ತಿದ್ದೆ: ಅಳೆಯದೆ ಉಳಿದದ್ದನ್ನು ಅಳೆದಿಲ್ಲ ಎಂದೇ ಬರೆಯಿರಿ, ಹತ್ತಿರದ ಇನ್ನೊಂದು ಅಂಕಿಯಿಂದ ಮುಚ್ಚಬೇಡಿ. ಅದನ್ನು ಕಲಿಸಿದ್ದು ಯಾವ ತರಬೇತಿಯೂ ಅಲ್ಲ. ಆ ಹೆಣ್ಣುಮಗಳ ಕೈಯಲ್ಲಿ ಪೆನ್ ಇತ್ತು, ಮನಸ್ಸು ತುಂಬ ಆಸೆಯಿತ್ತು. ಆದರೂ ಗಂಡ ಬರೆಯಬೇಕಾಗಿದ್ದ ಜಾಗವನ್ನು ಗಂಡನಿಗೇ ಬಿಟ್ಟರು.