ಪಟಾಕಿ ಡೆಕ್, ಕುಕ್ಕರ್ ಡೆಕ್

ನನ್ನ ಡೆಕ್ಕಿಗೆ ನಾವು ಆಡಲು ಹೋಗುವ ಅಂಗಡಿಯವರು ಪಟಾಕಿ ಎಂದು ಹೆಸರಿಟ್ಟಿದ್ದರು. ಅತ್ತಿಗೆಯ ಡೆಕ್ಕಿಗೆ ಕುಕ್ಕರ್. ಎರಡೂ ಕಾಂಬೊ ಡೆಕ್ಕುಗಳೇ. ಅಂದರೆ ಎದುರಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತ ಕೂರದೆ, ಒಂದು ಕಾರ್ಡಿನಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಸರಪಳಿ ಎಳೆದು ಒಂದೇ ಸರದಿಯಲ್ಲಿ ಆಟ ಮುಗಿಸುವಂಥವು. ಇದು ಇಸ್ಪೀಟಲ್ಲ. ಒಬ್ಬೊಬ್ಬರೂ ತಮ್ಮದೇ ಕಾರ್ಡುಗಳಲ್ಲಿ ಬೇಕಾದದ್ದನ್ನು ಆರಿಸಿ ಒಂದು ಕಟ್ಟು, ಅಂದರೆ ಡೆಕ್, ಮಾಡಿಕೊಂಡು ಬಂದು, ಎದುರು ಬದುರು ಕೂತು ಆಡುವ ಆಟ. ನನ್ನ ಅಮ್ಮನಿಗೆ ಮಾತ್ರ ಇದು ಇವತ್ತಿಗೂ ಇಸ್ಪೀಟೇ.

ನಾನಿರುವುದು ಶಿವಮೊಗ್ಗದ ನವುಲೆಯಲ್ಲಿ, ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಊಟದ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬರು ಈ ಆಟದ ಹುಚ್ಚು ಹಿಡಿಸಿದರು. ನಾನು ಅದನ್ನು ಭದ್ರಾವತಿಯ ಜನ್ನಾಪುರದಲ್ಲಿರುವ ತವರುಮನೆಗೆ ಒಯ್ದು ಅತ್ತಿಗೆಗೆ ಅಂಟಿಸಿದೆ. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಬೆಳಗ್ಗೆ ಸಂಜೆ ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುವವರು. ಕಲಿಸಿದ್ದು ನಾನು, ಆದ್ದರಿಂದ ಕೊನೆಯವರೆಗೂ ನಾನೇ ಒಂದು ಕೈ ಮೇಲು ಎಂದು ನಂಬಿಕೊಂಡಿದ್ದೆ.

ಪಟಾಕಿ ಎರಡನೇ ಸರದಿಗೇ ಗೆಲ್ಲಬಲ್ಲದು. ಎದುರಿನವರು ಇನ್ನೂ ಚೀಲ ಬಿಚ್ಚಿ ಕೂರುವಷ್ಟರಲ್ಲಿ ಅವರ ಕಥೆ ಮುಗಿದಿರುತ್ತದೆ. ಆದರೆ ಸರಪಳಿಯ ನಡುವೆ ಎದುರಾಳಿ ನಮ್ಮ ಕಾರ್ಡನ್ನು ರದ್ದು ಮಾಡುವ ಒಂದು ತಡೆ ಕಾರ್ಡು ಹಾಕಿದರೆ ಠುಸ್. ಮತ್ತೆ ಕೈ ತುಂಬಿಕೊಳ್ಳುವುದಕ್ಕೆ ಅದರಲ್ಲಿ ಏನೂ ಇಲ್ಲ, ವೇಗಕ್ಕೋಸ್ಕರ ಎಲ್ಲವನ್ನೂ ಕಿತ್ತೆಸೆದಿರುತ್ತೇವೆ. ಕುಕ್ಕರ್ ಒಂದೆರಡು ಸರದಿ ತಡ. ಆ ತಡದಲ್ಲಿ ಅದು ತನ್ನದೇ ತಡೆ ಕಾರ್ಡುಗಳನ್ನು ಕೈಯಲ್ಲಿ ಕೂಡಿಸಿಕೊಂಡು, ಎದುರಾಳಿಯ ತಡೆಗೆ ತಡೆ ಇಟ್ಟುಕೊಂಡು, ಆಮೇಲೆ ಹೊರಡುತ್ತದೆ. ಹೊರಟಿತೆಂದರೆ ನಿಲ್ಲಿಸುವುದು ಕಷ್ಟ.

ಯಾವುದು ಮೇಲು ಎಂಬುದು ನಮ್ಮಿಬ್ಬರ ನಡುವಿನ ಮುಗಿಯದ ಜಗಳ. ವೇಗವೇ ರಕ್ಷಣೆ, ಎದುರಿನವರು ತಡೆ ಎತ್ತುವ ಮೊದಲೇ ಮುಗಿಸಿದರೆ ತಡೆಯ ಚಿಂತೆ ಯಾಕೆ ಎಂದು ನನ್ನ ವಾದ. ಹತ್ತು ಆಟದಲ್ಲಿ ಎಷ್ಟು ಸಲ ಮೊದಲ ಕೈಯಲ್ಲೇ ಬೇಕಾದ ಕಾರ್ಡು ಬರುತ್ತದೆ ಹೇಳು ಎಂದು ಅತ್ತಿಗೆಯದು. ಅವರು ಲೆಕ್ಕದ ಮೇಷ್ಟ್ರು, ನಾನು ಸಿಟ್ಟಿನವಳು. ಆಟದ ಶುರುವಿಗೆ ಕೈಗೆ ಬಂದ ಕಾರ್ಡುಗಳನ್ನು ನಾನು ಹಾಗೇ ಇಟ್ಟುಕೊಂಡು ನುಗ್ಗುತ್ತಿದ್ದೆ. ಅವರು ನೋಡುವುದಕ್ಕೆ ಚೆನ್ನಾಗಿಯೇ ಇರುವ ಕೈಯನ್ನೂ ಡೆಕ್ಕಿಗೆ ವಾಪಸು ಕೊಟ್ಟು, ಅದಕ್ಕೆ ದಂಡವಾಗಿ ಒಂದು ಕಾರ್ಡು ಕಮ್ಮಿಯ ಹೊಸ ಕೈ ತೆಗೆದುಕೊಂಡು, ಏನೂ ಆಗದವರ ಹಾಗೆ ಕೂರುತ್ತಿದ್ದರು. ಅದನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು.

ದುರ್ಗಿಗುಡಿಯ ಒಂದು ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಭಾನುವಾರ ಭಾನುವಾರ ಆಟ. ಅಂಗಡಿಯ ಯಜಮಾನರಿಗೂ ಇದೇ ಹುಚ್ಚು. ಹೋದ ವರ್ಷದ ಕೊನೆಯಲ್ಲಿ ಅವರು ಮೈಸೂರಿನ ಒಂದು ದೊಡ್ಡ ಪಂದ್ಯಕ್ಕೆ ಮೂರು ಜನರ ತಂಡ ಕಟ್ಟಿದರು. ಇಬ್ಬರು ಆಗಲೇ ನಿಕ್ಕಿಯಾಗಿದ್ದರು. ಮೂರನೆಯ ಜಾಗ ಕಾಂಬೊ ಆಡುವವರಿಗೆ, ಅಂದರೆ ನನಗೆ ಇಲ್ಲವೇ ಅತ್ತಿಗೆಗೆ. ಮುಂದಿನ ಭಾನುವಾರದ ಟೂರ್ನಮೆಂಟಿನಲ್ಲಿ ನಮ್ಮಿಬ್ಬರಲ್ಲಿ ಯಾರು ಮೇಲೆ ಬರುತ್ತಾರೋ ಅವರು, ಅವರಿಗೆ ಹೋಗಲಿಕ್ಕೆ ಆಗದಿದ್ದರೆ ಇನ್ನೊಬ್ಬರು ಎಂದು ಯಜಮಾನರು ಎಲ್ಲರೆದುರಿಗೆ ಹೇಳಿಬಿಟ್ಟರು.

ನನಗೆ ಆ ಜಾಗ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತಿಗೆಗೆ ಎಷ್ಟು ಬೇಕಿತ್ತು ಎಂಬುದು ಆ ಭಾನುವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತರಲು ಹೋದಾಗ ಗೊತ್ತಾಯಿತು. ರಾತ್ರಿ ನಿದ್ದೆ ಬಂದಿಲ್ಲ ಎಂದರು. ಮದುವೆಯಾದ ಮೇಲೆ ಎಲ್ಲಿಗೆ ಹೋದರೂ ಯಾರದೋ ಮದುವೆಗೆ, ಯಾರದೋ ಆಸ್ಪತ್ರೆಗೆ ಹೋಗಿದ್ದಂತೆ. ಇದೊಂದು ಊರಿಗೆ ತನ್ನ ಕೆಲಸದ ಮೇಲೆ ಹೋಗಬೇಕು ಎಂದು ಆಸೆಯಂತೆ. ಅವರು ಅಷ್ಟು ಬಿಚ್ಚಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಆದರೂ ಬಿಟ್ಟುಕೊಡಬೇಕೆಂದು ನನಗೇನೂ ಅನ್ನಿಸಲಿಲ್ಲ.

ಕೊನೆಯ ಸುತ್ತಿಗೆ ನಾವಿಬ್ಬರೇ ಎದುರು ಬದುರಾದೆವು. ಮೂರು ಆಟಗಳಲ್ಲಿ ಎರಡು ಗೆಲ್ಲಬೇಕು. ಮೊದಲನೆಯದರಲ್ಲಿ ನನ್ನ ಪಟಾಕಿ ಹಾರಿ ನಾನು ಗೆದ್ದೆ, ಎರಡನೆಯದರಲ್ಲಿ ಅತ್ತಿಗೆ ನನ್ನನ್ನು ಕಟ್ಟಿಹಾಕಿ ಬೇಯಿಸಿದರು. ಮೂರನೆಯದಕ್ಕೆ ಅಕ್ಕಪಕ್ಕದ ಟೇಬಲ್ಲಿನವರು ತಮ್ಮ ಆಟ ಮುಗಿಸಿ ನಮ್ಮ ಸುತ್ತ ನಿಂತಿದ್ದರು.

ಇಲ್ಲಿ ನಮ್ಮ ಮಹಡಿಯ ಒಂದು ಪದ್ಧತಿ ಹೇಳಬೇಕು. ಪ್ರತಿ ಕಾರ್ಡು ಇಟ್ಟ ಮೇಲೂ ಎದುರಿನವರನ್ನು ಕೇಳಬೇಕು, ತಡೆಯುತ್ತೀರೋ ಬಿಡುತ್ತೀರೋ ಎಂದು. ಅದಕ್ಕೆ ಇಂಗ್ಲಿಷಿನ ಮಾತುಗಳಿವೆ, ನಾವು ಮಾತ್ರ "ಆಯ್ತಾ?" ಎನ್ನುತ್ತೇವೆ, ಎದುರಿನವರು "ಆಯ್ತು" ಎನ್ನುತ್ತಾರೆ. ಸೋತಾಗಲೂ ನಮ್ಮಲ್ಲಿ ಯಾರೂ ಸೋತೆ ಎನ್ನುವುದಿಲ್ಲ. ಸರಪಳಿ ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾದ ಕೂಡಲೇ "ಆಯ್ತು ಮಾರಾಯ" ಎಂದು ಕೈ ಚೆಲ್ಲುತ್ತಾರೆ. ಆಮೇಲೂ ಬಿಡದೆ ಕೊನೆಯ ಕಾರ್ಡಿನವರೆಗೆ ಆಡಿ ತೋರಿಸುವುದು ಸಣ್ಣತನ, ಗೆದ್ದವರೂ ತಮ್ಮ ಕಾರ್ಡು ಗುಡ್ಡೆ ಮಾಡಿಕೊಂಡು ಏಳಬೇಕು. ಆವತ್ತು ತೀರ್ಪಿಗೆ ಹೊರಗಿನಿಂದ ಬಂದಿದ್ದ ಹುಡುಗ ಮಾತು ಸ್ಪಷ್ಟವಾಗಿರಲಿ ಎಂದು ಬೆಳಗ್ಗೆಯೇ ಹೇಳಿದ್ದ. ಎಲ್ಲರೂ ತಲೆಯಾಡಿಸಿ ಮರೆತಿದ್ದೆವು.

ಎರಡನೇ ಸರದಿಗೆ ನನ್ನ ಕೈಗೆ ಬೇಕಾದದ್ದೆಲ್ಲ ಬಂತು. ಸರಪಳಿ ಶುರು ಮಾಡಿದೆ. ಆಯ್ತಾ? ಆಯ್ತು. ಆಯ್ತಾ? ಆಯ್ತು. ಮುಕ್ಕಾಲು ದಾರಿ ಮುಗಿದಿತ್ತು. ಇನ್ನೊಂದು ಕಾರ್ಡು ಇಟ್ಟು ಅವರ ಮುಖ ನೋಡಿದೆ. ಅತ್ತಿಗೆ ಉಸಿರು ಬಿಟ್ಟು, "ಆಯ್ತು ಮಾರಾಯ್ತಿ" ಅಂದರು.

ನಾನು ನಕ್ಕು, ಟೇಬಲ್ಲಿನ ಮೇಲಿದ್ದ ನನ್ನ ಕಾರ್ಡುಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಗುಡ್ಡೆ ಮಾಡಿದೆ. ಯಾರೋ ಬೆನ್ನು ತಟ್ಟಿದರು. ಆಗ ನೋಡಿದರೆ ಅತ್ತಿಗೆಯ ಕಾರ್ಡುಗಳು ಇದ್ದಲ್ಲೇ ಇದ್ದವು. ಅವರು ನನ್ನ ಗುಡ್ಡೆಯನ್ನು ನೋಡುತ್ತ ಕೂತಿದ್ದರು.

ತೀರ್ಪಿನ ಹುಡುಗ ಹತ್ತಿರ ಬಂದು, ನೀವು ಆಟ ಬಿಟ್ಟುಕೊಟ್ಟಿರಾ ಎಂದು ಅವರನ್ನು ಕೇಳಿದ.

"ಇಲ್ಲ," ಎಂದರು ಅತ್ತಿಗೆ. "ಆ ಕಾರ್ಡು ಆಯ್ತು ಅಂದೆ. ಮುಂದಿನದಕ್ಕೆ ನನ್ನ ಹತ್ರ ತಡೆ ಇದೆ." ಕೈಯಲ್ಲಿದ್ದ ಕಾರ್ಡು ತಿರುಗಿಸಿ ಇಟ್ಟರು. ಇತ್ತು.

ನಡು ಆಟದಲ್ಲಿ ಕಾರ್ಡು ಬಾಚಿಕೊಂಡವರು ಸೋತ ಹಾಗೆ. ನಿಯಮ ಅಷ್ಟೇ, ಆ ಹುಡುಗ ಇನ್ನೇನು ಹೇಳಬಲ್ಲ. ನಮ್ಮೂರಲ್ಲಿ ಹಾಗೆಂದರೆ ಸೋತೆ ಅಂತಲೇ ಎಂದು ನಾನು ಕೂಗಾಡಿದೆ. ಯಜಮಾನರು ನನ್ನ ಪರ ಅರ್ಧ ಮಾತಾಡಿ ಅತ್ತಿಗೆಯ ಮುಖ ನೋಡಿ ಸುಮ್ಮನಾದರು. ಮೈಸೂರಿನ ಜಾಗ ಅತ್ತಿಗೆಗೆ ಹೋಯಿತು. ಸಂಜೆ ಅಮ್ಮ ಊಟಕ್ಕೆ ಕರೆದಿದ್ದಳು, ಇಲ್ಲದಿದ್ದರೆ ನಾನು ಅವರ ಜೊತೆ ಅದೇ ಬಸ್ಸು ಹತ್ತುತ್ತಲೂ ಇರಲಿಲ್ಲ.

ಬಸ್ಸು ಹೊರಟು ಊರು ದಾಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ. ಆಮೇಲೆ ತಡೆಯಲಾಗಲಿಲ್ಲ. "ಆಯ್ತು ಮಾರಾಯ್ತಿ ಅಂದ್ರೆ ಯಾರಿಗಾದ್ರೂ ಸೋತ್ರು ಅಂತಲೇ ಅನ್ಸತ್ತೆ ಅತ್ತಿಗೆ. ನೀವು ಅದನ್ನ ಬೇಕಂತಲೇ ಅಂದ್ರಾ?"

ಅವರಿಗೆ ಸಿಟ್ಟು ಬರಲಿಲ್ಲ.

"ಬೇಕಂತ ಅಲ್ಲ ಮಾರಾಯ್ತಿ, ಬಾಯಿಗೆ ಬಂತು," ಎಂದರು. "ನಿಮ್ಮನೆಗೆ ಬಂದಾಗಿಂದ ಆಯ್ತು ಅಂತಾನೇ ಇದೀನಿ. ಒಂದು ಸಲಾನೂ ಸೋತೆ ಅಂದಿಲ್ಲ. ನೀವೇ ಎಲ್ರೂ ಹಂಗೆ ತಿಳ್ಕೊಂಡು ಎದ್ದು ಹೋಗ್ತೀರ."

ಅವರು ಕುಹಕ ಆಡಲಿಲ್ಲ, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವ ದನಿಯಲ್ಲೇ ಹೇಳಿದರು. ಸೋತ ಸಂಕಟಕ್ಕಿಂತ ಆ ಮಾತೇ ನನಗೆ ಹೆಚ್ಚು ನೋಯಿತು. ಅತ್ತಿಗೆ ಟಿಕೆಟ್ಟನ್ನು ಮಡಚುತ್ತ, ನಾನು ಮೂರನೇ ಸರದಿಯವರೆಗೆ ಕಾದಿದ್ದರೆ ತಮ್ಮ ತಡೆಯನ್ನು ಹೇಗೆ ಹಾಯಬಹುದಿತ್ತು ಎಂದು ವಿವರಿಸತೊಡಗಿದರು. ಸರಿಯಾಗಿಯೇ ಇತ್ತು ಅವರ ಲೆಕ್ಕ.

ಮನೆ ಸೇರಿದಾಗ ಅಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗೆದ್ದವರು ಯಾರು ಎಂದು ಕೇಳಲಿಲ್ಲ, ಇಸ್ಪೀಟಿನಲ್ಲಿ ಗೆದ್ದರೇನು ಸೋತರೇನು ಎಂಬುದು ಅವಳ ಲೆಕ್ಕ. ಹೊಳೆಹೊನ್ನೂರಿನ ಚಿಕ್ಕಮ್ಮನ ಫೋನು ಬಂದಿತ್ತು, ಅವಳ ಮೊಮ್ಮಗುವಿಗೆ ನಾಮಕರಣ. ದಿನ ಹೇಳಿದಳು. ಮೈಸೂರಿನ ಪಂದ್ಯದ ಭಾನುವಾರವೇ.

"ಹೋಳಿಗೆ ಮಾಡಕ್ಕೆ ನೀನು ಬರ್ತೀಯ ಅಂತ ಅವಳಿಗೆ ಹೇಳ್ಬಿಟ್ಟಿದೀನಿ ಕಣೆ," ಎಂದಳು ಅತ್ತಿಗೆಗೆ. ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಉತ್ತರಕ್ಕೆ ಕಾಯುವ ಅಭ್ಯಾಸ ಅವಳಿಗಿರಲಿಲ್ಲ, ಆ ಮನೆಯಲ್ಲಿ ನಮಗ್ಯಾರಿಗೂ ಇರಲಿಲ್ಲ.

ಅತ್ತಿಗೆ ಹೆಗಲಿನ ಬ್ಯಾಗನ್ನು ಇನ್ನೂ ಇಳಿಸಿರಲಿಲ್ಲ. "ಆಗಲ್ಲ ಅತ್ತೆ," ಎಂದರು. "ಆವತ್ತು ಮೈಸೂರಲ್ಲಿ ನನ್ನ ಆಟ ಇದೆ."

ಅಮ್ಮ ಮೊದಲು ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ ಅತ್ತಿಗೆಯನ್ನು ಬಿಟ್ಟು ನನ್ನ ಮುಖ ನೋಡಿದಳು, ನೀನಾದರೂ ಬುದ್ಧಿ ಹೇಳು ಎನ್ನುವಂತೆ. ನಾನು ಹೇಳಬೇಕಾದ್ದು ಒಂದೇ ಮಾತು. ಹೋಗಲಿ ಬಿಡಿ ಅತ್ತಿಗೆ, ಮನೆ ಕಾರ್ಯ ಅಲ್ವಾ, ಎಂದರೆ ಸಾಕಿತ್ತು. ಅವರು ಒಪ್ಪುತ್ತಿದ್ದರೋ ಏನೋ, ಮೈಸೂರಿನ ಜಾಗ ನನಗೆ ಬರುತ್ತಿತ್ತು. ಆ ಆಸೆ ನನಗಾದದ್ದು ನಿಜ. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಹೋಳಿಗೆ ನಾನು ಮಾಡ್ತೀನಮ್ಮ," ಎಂದೆ.

"ನಿಂಗೆ ಕಣಕ ಕಲಸಕ್ಕೂ ಬರಲ್ಲ," ಎಂದಳು ಅಮ್ಮ.

"ಕಲೀತೀನಿ."

ಅಮ್ಮ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಅವರೆಕಾಯಿಯ ಮೊರವನ್ನು ನನ್ನ ಕಡೆಗೆ ಸರಿಸಿದಳು. ನಾನು ಕೂತು ಸುಲಿಯತೊಡಗಿದೆ. ಅತ್ತಿಗೆ ಒಳಗೆ ಹೋಗಿ, ಮೈಸೂರಿನ ರೈಲು ಭದ್ರಾವತಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಫೋನಿನಲ್ಲಿ ಅಣ್ಣನನ್ನು ಕೇಳುತ್ತಿದ್ದರು.