ಛೂ ಎನ್ನುವ ನಾಲಿಗೆ

ನಮ್ಮ ಪಡಸಾಲೆಯ ಗೂಟಕ್ಕೆ ನಾಯಿಯ ಕೊರಳಪಟ್ಟಿಯೊಂದು ತೂಗುತ್ತಿದೆ. ಸಾಮಾನ್ಯ ನಾಯಿಯಲ್ಲ ಗೆಳೆಯಾ, ಮುಧೋಳದ್ದು. ಬಡಕಲು ಮೈ, ನೀಳ ಕಾಲು, ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತಿತೆಂದರೆ ಬಿಟ್ಟವನ ಕೂಗೂ ಅದರ ಕಿವಿಗೆ ಬೀಳದು. ಹೆಸರು ಬಿಜಲಿ.

ನೆರೆಹೊಲದ ಅಣ್ಣತಮ್ಮಂದಿರು ಬಸಪ್ಪ ಮತ್ತು ಸಂಗಪ್ಪ. ಅವರ ಕಬ್ಬಿನ ನಡುವಿನ ಬದುವಿನ ಜಗಳ ಇಬ್ಬರದೇ ಆಗಿದ್ದರೆ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿತ್ತು. ಆದರೆ ಅಣ್ಣನ ಬೆನ್ನಿಗೆ ಜಮಖಂಡಿಯ ಸಾಹುಕಾರ ನಿಂತ, ತಮ್ಮನ ಬೆನ್ನಿಗೆ ಬೀಳಗಿಯ ಗೌಡ. ಹಳೆಯ ಹಗೆಯ ಆ ಇಬ್ಬರೂ ಬದುವನ್ನು ಕಣ್ಣಾರೆ ಕಂಡವರಲ್ಲ. ಆದರೂ ವಕೀಲರನ್ನು ಗೊತ್ತುಮಾಡಿಕೊಟ್ಟರು, ಬಡಿಗೆ ಹಿಡಿದ ಆಳುಗಳನ್ನು ಕಳಿಸಿದರು.

ನಾನೂ ಸಾಚಾ ಅಲ್ಲ. ಸಂಗಪ್ಪನ ಆಡುಗಳು ಬದು ದಾಟಿದ ದಿನ ಬಸಪ್ಪ, “ಮಾಸ್ತರ್ರ, ಬಿಜಲೀನ ಛೂ ಬಿಡ್ರಿ” ಅಂದ. ಪಟ್ಟಿ ಬಿಚ್ಚಿ ಬಿಟ್ಟೆ. ಎಷ್ಟು ಕೂಗಿದರೂ ತಿರುಗದ ಬಿಜಲಿಯ ಮುಂಗಾಲು ಮುಳ್ಳುತಂತಿಗೆ ಸಿಕ್ಕಿ ಸೀಳಿತು. ಎತ್ತಿಕೊಂಡು ಬಂದವಳು ಸಂಗಪ್ಪನ ಹೆಂಡತಿ ಗಂಗವ್ವ. ಅರಿಸಿನ ಒತ್ತುತ್ತ, “ಮೂಕ ಪ್ರಾಣಿ, ಅದಕ್ಕೇನ್ ಗೊತ್ತರೀ ಬದು? ನಿಮ್ಮ ಕಾಲಿಗೇನೂ ಆಗಿಲ್ಲಲ್ಲ?” ಅಂದಳು. ಪಟ್ಟಿಯನ್ನು ತಂದು ಗೂಟಕ್ಕೆ ತೂಗುಹಾಕಿದೆ.

ಅಂದಿನಿಂದ ಟೀವಿಯ ಯುದ್ಧದ ಸುದ್ದಿ ನನಗೆ ಬೇರೆಯಾಗಿಯೇ ಕಾಣುತ್ತದೆ. ಒಂದು ದೇಶ ತಾನು ಗಡಿ ದಾಟದೆ ಯಾರದೋ ಪಡೆಯ ಕೈಗೆ ಕ್ಷಿಪಣಿ ಕೊಡುತ್ತದೆ, ಎದುರಿಗೆ ಇನ್ನೊಂದು ಮಹಾಶಕ್ತಿ ಹಡಗು ತಂದು ನಿಲ್ಲಿಸುತ್ತದೆ, ಒಂದೂರಿನ ಕಿಡಿ ನಾಲ್ಕು ದೇಶಕ್ಕೆ ಹಬ್ಬುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಇಲ್ಲಿ ಜಗಳವಾಡುವವರು ಕೂಸಿನ ಊರಿನವರೂ ಅಲ್ಲ. ಬಿಟ್ಟದ್ದು ಕರೆದಾಗ ಬರುತ್ತದೆಂದು ನಂಬುವ ಮೂರ್ಖ ನಾನೊಬ್ಬನೇ ಅಲ್ಲವೆಂದು ತಿಳಿದರೆ ಸಮಾಧಾನವಾಗುವುದಿಲ್ಲ, ಸಿಟ್ಟು ಬರುತ್ತದೆ.

ಮೊನ್ನೆ ಸಾಹುಕಾರನ ಜೀಪು ನಮ್ಮ ಬಾಗಿಲಿಗೇ ಬಂತು. ಅವನು ಕೆಳಗಿಳಿಯದೆಯೇ ಅಂದ: “ಸಂಗಪ್ಪನ ಆಡು ಕಬ್ಬು ಮೇದದ್ದು ಕೋರ್ಟಿನ್ಯಾಗ ಹೇಳ್ರಿ ಮಾಸ್ತರ್ರ. ನಿಮ್ಮ ಹೊಲದ ದಾರಿ ನಮ್ಮ ಜಮೀನಿನ್ಯಾಗ ಐತಿ, ನೆನಪಿರಲಿ.”

“ಆಡು ಮೇದದ್ದೂ ಹೇಳ್ತೀನ್ರಿ. ನಾಯಿ ಬಿಟ್ಟಾಂವ ನಾನು ಅಂತಾನೂ ಹೇಳ್ತೀನಿ, ಬಡಿಗಿ ಕಳಿಸಿದಾಂವ ನೀವು ಅಂತಾನೂ ಹೇಳ್ತೀನಿ. ದಾರಿ ಮುಚ್ಚರಿ, ಬದುವಿನ ಮ್ಯಾಲೆ ನಡದು ಹೋಗ್ತೀನಿ.”

ಮರುದಿನವೇ ದಾರಿಗೆ ಮುಳ್ಳು ಬಿತ್ತು. ಈಗ ದಿನವೂ ಆ ಜಗಳದ ಬದುವಿನ ಮೇಲೆಯೇ ನನ್ನ ನಡಿಗೆ. ಬರಿಗೊರಳ ಬಿಜಲಿ ಕುಂಟುತ್ತ ಜೊತೆಗೆ ಬರುತ್ತದೆ. ಈ ಕಡೆಯಿಂದ ಅಣ್ಣ, ಆ ಕಡೆಯಿಂದ ತಮ್ಮ ನೋಡುತ್ತಾರೆ, ಇಬ್ಬರೂ ಬೇಡವೆಂದಿಲ್ಲ.

ಪಟ್ಟಿ ಗೂಟದಲ್ಲೇ ಇರಲಿ. ಛೂ ಎನ್ನಲು ನನ್ನ ನಾಲಿಗೆ ಮತ್ತೆ ತುರಿಸಿದ ದಿನ ಅದನ್ನು ನನ್ನ ಕೊರಳಿಗೇ ಬಿಗಿದುಕೊಳ್ಳುತ್ತೇನೆ.