ಐದು ಜನರಾದ ಮೇಲೆ

ಫೋನಿನಲ್ಲಿ ಒಬ್ಬರು ಹಾಕಿದ್ದನ್ನು ನೋಡಿ ಸುಮ್ಮನಿದ್ದರೆ ಅದೂ ಒಂದು ಮಾತಾಗುತ್ತದೆ. ಮಕ್ಕಳೇ, ಇದನ್ನು ನನಗೆ ಕಲಿಸಿದವಳು ನಿಮ್ಮ ಹೊಲಿಗೆ ಚಿಕ್ಕಮ್ಮ. ನನ್ನ ತಂಗಿಯ ಮಗಳು. ತಾಯಿ ಹೋದ ಮೇಲೆ ನನ್ನ ಸೆರಗು ಹಿಡಿದೇ ಬೆಳೆದವಳು.

ಅವಳು ಕೋಲಾರದಲ್ಲಿ ಹೊಲಿಗೆ ಅಂಗಡಿ ತೆರೆದಾಗ ನನ್ನನ್ನು ಮೂರು ಸಲ ಕರೆದಿದ್ದಳು. ಕಾಲುನೋವು ಎಂದಿದ್ದೆ. ಕಾಲು ನೋಯುತ್ತಿರಲಿಲ್ಲ. ನಿಮ್ಮ ತಾತ ಹೋದ ಮೇಲೆ ಶುಭಕಾರ್ಯಗಳಲ್ಲಿ ನಾನು ಎದುರಿಗೆ ನಿಂತವಳಲ್ಲ. ಯಾರೂ ಬೇಡ ಎಂದಿರಲಿಲ್ಲ. ನಾನೇ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಐದು ಜನ ಮುತ್ತೈದೆಯರು ಅಕ್ಷತೆ ಹಾಕಿದ ಮೇಲೆ, ನಿಂತಲ್ಲಿಂದಲೇ ಮನಸ್ಸಿನಲ್ಲಿ ಹರಸುತ್ತಿದ್ದೆ.

ಅಂದು ಬೆಳಿಗ್ಗೆ ತಾಯಲೂರಿನ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದೆ. ಹಿಪ್ಪುನೇರಳೆ ತೋಟದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮನೆಯವರ ಗ್ರೂಪಿನಲ್ಲಿ ಅವಳ ಫೋಟೋ ಬಂತು: ಹೊಸ ಮಿಷಿನ್ನು, ಅದಕ್ಕೆ ಕುಂಕುಮ, ಒಂದು ಮೊಳ ಸೇವಂತಿಗೆ. ಅದರ ಕೆಳಗೆ ಒಬ್ಬೊಬ್ಬರೇ ಹೆಂಗಸರು ಶುಭವಾಗಲಿ ಎನ್ನತೊಡಗಿದರು. ಅವರು ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗಿತ್ತು. ಬಳೆಯ ಸದ್ದು ಕೂಡ ಕೇಳಿದಂತಾಯಿತು. ಒಬ್ಬಳು, ಇಬ್ಬರು, ಮೂವರು. ಆಮೇಲೆ ಅಂಗಳ ಖಾಲಿ. ಟೊಮೆಟೊ ಬಿಡಿಸುವ ಕಾಲ, ಉಳಿದವರು ತೋಟದಲ್ಲಿದ್ದರು.

ನಾನು ಕಾಯುತ್ತಾ ಫೋಟೋ ನೋಡುತ್ತಿದ್ದೆ. ಪರದೆ ಕಪ್ಪಾದಾಗಲೆಲ್ಲ ಬೆರಳಿನಿಂದ ಎಬ್ಬಿಸುತ್ತಿದ್ದೆ. ನೋಡುತ್ತಾ ನೋಡುತ್ತಾ ಆ ಮಿಷಿನ್ನಿನ ಕೆಳಗೆ ಅವಳೇ ಪುಟ್ಟ ಹುಡುಗಿಯಾಗಿ, ಹಿಂದೆ ನನ್ನ ಮಿಷಿನ್ನಿನ ಕೆಳಗೆ ಕೂರುತ್ತಿದ್ದ ಹಾಗೆ ಕೂತು ಬಟ್ಟೆಚೂರುಗಳನ್ನು ಆಯುತ್ತಿರುವಂತೆ ಕಂಡಿತು.

ಫೋನು ಹೊಡೆದುಕೊಂಡಿತು. ಅವಳೇ.

"ದೊಡ್ಡಮ್ಮ, ನನ್ ಮೇಲೆ ಕೋಪಾನಾ?"

"ಕೋಪ ಯಾಕೇ?"

"ಆಗ್ಲೇ ನೋಡಿದೀರಿ. ಒಂದ್ಮಾತೂ ಹಾಕಿಲ್ಲ."

"ನಾನು ನೋಡಿದ್ದು ನಿಂಗೆ ಹೆಂಗೆ ಗೊತ್ತಾಯ್ತು?"

"ಫೋಟೋ ಒತ್ತಿ ಹಿಡಿದು ನೋಡಿದ್ರೆ, ಯಾರ್ಯಾರು ನೋಡಿದಾರೆ ಅಂತ ತೋರ್ಸುತ್ತೆ. ಬೇರೆಯವ್ರು ಸುಮ್ನಿದ್ರೆ ಇರ್ಲಿ. ನೀವು ಇಲ್ಲಿಗೂ ಬರ್ಲಿಲ್ಲ, ಅಲ್ಲೂ ಮಾತಿಲ್ಲ. ನಾನೇನ್ ಅಂದ್ಕೊಳ್ಲಿ?"

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಬಾಗಿಲ ಹಿಂದೆ ನಿಂತವಳನ್ನು ಯಾರೂ ಕಂಡಿರಲಿಲ್ಲ. ಇಲ್ಲಿ ಬಾಗಿಲ ಹಿಂದೆ ನಿಂತರೂ ಕಾಣುತ್ತದೆ. ಯಾಕೆ ನಿಂತಿದ್ದೇನೆ ಎಂಬುದು ಮಾತ್ರ ಕಾಣುವುದಿಲ್ಲ.

"ಇನ್ನಿಬ್ರು ಬರ್ಲಿ ಅಂತ ಕಾಯ್ತಿದ್ದೆ ಕಣೇ," ಎಂದೆ.

"ಎಲ್ಲಿಗೆ?"

"ಗ್ರೂಪಿಗೆ. ಮೂರೇ ಜನ ಆಗಿದಾರೆ."

ನಮ್ಮ ಮನೆಯಲ್ಲಿ ಬೆಳೆದವಳು, ಬಿಡಿಸಿ ಹೇಳಬೇಕಾಗಲಿಲ್ಲ.

"ಅಲ್ಲೂ ಎಣಿಸ್ತಿದೀರಾ, ದೊಡ್ಡಮ್ಮ?" ಎಂದಳು. ಆಮೇಲೆ ಗದರಿದಳು: "ನಂಗೆ ಕತ್ತರಿ ಹಿಡಿಯೋದು ಕಲಿಸಿದ್ದು ಆ ಐದು ಜನಾನಾ? ನೀವು ಹಾಕೋವರ್ಗೂ ನಾನು ಬಟ್ಟೆ ಕತ್ತರಿಸಲ್ಲ. ಗಿರಾಕಿ ಬೇರೆ ಕೂತವ್ರೆ, ಬೇಗ."

ಹಳ್ಳಿ ಶಾಲೆಯ ಅಕ್ಷರ ನನ್ನದು. ಒಂದೊಂದನ್ನೇ ಹುಡುಕಿ ಒತ್ತಿದೆ. "ಒಳ್ಳೇದಾಗಲಿ ಕಂದ." ಕಳಿಸುವ ಮೊದಲು ಕೈ ನಿಂತಿತು. ಅವಳು ಕತ್ತರಿ ಮುಟ್ಟದೆ ಕೂತಿರುವುದು ನೆನಪಾಯಿತು. ಕಳಿಸಿದೆ. ನಾಲ್ಕನೆಯವಳಾದೆ.

ಒಂದು ಗಳಿಗೆಗೆ ಇನ್ನೊಂದು ಫೋಟೋ ಬಂತು. ಹಸಿರು ರವಿಕೆ ಬಟ್ಟೆ, ಅದರೊಳಗೆ ಅರ್ಧ ಹೋದ ಕತ್ತರಿ. ಅದರ ಕೆಳಗೆ ಮುಳಬಾಗಿಲಿನಿಂದ ನನ್ನ ಓರಗಿತ್ತಿ ಮಾತಾಡಿ ಕಳಿಸಿದ ದನಿ, ಟೊಮೆಟೊ ತೋಟದ ಗದ್ದಲದ ನಡುವೆ: "ಏಮ್ಮಾ, ಕಾಲುನೋವು ಅಂತ ಮನೇಲಿ ಕೂತು ನಮಗಿಂತ ಮುಂಚೆ ಹರಸೋಕೆ ಓಡಿ ಹೋಗಿದೀಯ."

ಈಗಲೂ ನಾನು ಎಣಿಸುತ್ತೇನೆ. ಅಭ್ಯಾಸ. ಆದರೆ ಮೂರಕ್ಕೆ ಬರುವಷ್ಟರಲ್ಲಿ ನನ್ನ ಮಾತು ಗ್ರೂಪಿಗೆ ಹೋಗಿರುತ್ತದೆ.